ಪಕ್ಕಕ್ಕೆ ಮಲಗಿದ ಮಹಾನೌಕೆ

ದಕ್ಷಿಣ ಪೆಸಿಫಿಕ್ ಸಾಗರದ ಭೂಪಟವನ್ನು ಮುಂದೆ ಹರಡಿಕೊಂಡು ಆಸ್ಟ್ರೇಲಿಯದ ಪೂರ್ವತೀರದಿಂದ ಈಶಾನ್ಯದತ್ತ ಬೆರಳು ಸರಿಸಿದರೆ, ಯಾರೋ ಮಂತ್ರಾಕ್ಷತೆ ಚೆಲ್ಲಿದಂತೆ ಕಾಣುವ ಒಂದು ದ್ವೀಪಸಮೂಹ ಸಿಕ್ಕುತ್ತದೆ. ಇಂದು ಅದರ ಹೆಸರು ವನುವಾಟು. 1980ರಲ್ಲಿ ಸ್ವತಂತ್ರವಾಗುವ ಮೊದಲು ಅದನ್ನು ನ್ಯೂ ಹೆಬ್ರಿಡೀಸ್ ಎಂದು ಕರೆಯುತ್ತಿದ್ದರು. ಬ್ರಿಟಿಷರೂ ಫ್ರೆಂಚರೂ ಜೊತೆಗೂಡಿ ಅದನ್ನು ಆಳುತ್ತಿದ್ದರು. ಒಂದೇ ನಾಡಿಗೆ ಇಬ್ಬರು ಯಜಮಾನರು, ಎರಡು ಬಗೆಯ ಪೊಲೀಸರು, ಎರಡು ಬಗೆಯ ಕಾನೂನು! ಒಂದೇ ಅಡಿಗೆಮನೆಯಲ್ಲಿ ಇಬ್ಬರು ಅತ್ತೆಯರಿದ್ದಂತೆ, ಆ ಸಂಸಾರ ಅಷ್ಟು ಕಾಲ ಹೇಗೆ ನಡೆಯಿತೋ ದೇವರೇ ಬಲ್ಲ.

ಈ ದ್ವೀಪಗಳಲ್ಲೆಲ್ಲ ದೊಡ್ಡದು ಎಸ್ಪಿರಿಟು ಸಾಂತೊ. ಅದರ ದಕ್ಷಿಣ ತೀರದಲ್ಲಿ ಲುಗನ್‌ವಿಲ್ ಎಂಬ ಪಟ್ಟಣವಿದೆ. ಪಟ್ಟಣದ ಮುಂದೆಯೇ ಸೆಗೋಂಡ್ ಜಲಸಂಧಿ ಹರಡಿದೆ. ನೀರು ವರ್ಷವೆಲ್ಲ ಬೆಚ್ಚಗಿರುತ್ತದೆ. ಅಲ್ಲಿನ ಒಂದೆಡೆ, ದಂಡೆಯಿಂದ ಈಜಿ ಮುಟ್ಟಬಹುದಾದಷ್ಟು ಹತ್ತಿರದಲ್ಲಿ, 199 ಮೀಟರ್ ಉದ್ದದ ಒಂದು ಹಡಗು ಎಡಮಗ್ಗುಲಾಗಿ ಮಲಗಿದೆ. ಮೂತಿಯ ಭಾಗ ಸುಮಾರು 20 ಮೀಟರ್ ಆಳದಲ್ಲಿದ್ದರೆ ಹಿಂಭಾಗ ಸುಮಾರು 70 ಮೀಟರ್ ಆಳದ ಕತ್ತಲೆಯಲ್ಲಿದೆ. ಎತ್ತರದ ಒಂದು ತೆಂಗಿನಮರದಷ್ಟು ಕೆಳಗಿಳಿದರೆ ಹಡಗಿನ ಮೂಗನ್ನು ಮುಟ್ಟಬಹುದು. ಬಾಲವನ್ನು ಮುಟ್ಟಲು ಮರದ ಮೇಲೆ ಮರ, ಅದರ ಮೇಲೆ ಇನ್ನೂ ಒಂದು ಮರವನ್ನು ನಿಲ್ಲಿಸಿದಷ್ಟು ಇಳಿಯಬೇಕು.

ಪ್ರಪಂಚದ ನಾನಾ ಮೂಲೆಗಳಿಂದ ಮುಳುಗುಗಾರರು ಬೆನ್ನಿಗೆ ಗಾಳಿಯ ಉರುಳೆ ಕಟ್ಟಿಕೊಂಡು ಈ ಹಡಗನ್ನು ನೋಡಲು ಬರುತ್ತಾರೆ. ಮುಳುಗಿದ ಹಡಗುಗಳು ಲೋಕದಲ್ಲಿ ಬೇಕಾದಷ್ಟಿವೆ. ಆದರೆ ಇದರೊಳಗೆ ಎರಡು ಹಡಗುಗಳಿವೆ ಎಂದರೆ ತಪ್ಪಾಗದು. ಒಂದು ಸಿರಿವಂತರ ವಿಲಾಸನೌಕೆ. ಇನ್ನೊಂದು ಸಿಪಾಯಿಗಳ ಸಾಗಾಟದ ನೌಕೆ. ಎರಡೂ ಒಂದೇ ಉಕ್ಕಿನ ಚಿಪ್ಪಿನೊಳಗೆ ಒಂದರ ಮೇಲೊಂದು ಬಿದ್ದುಕೊಂಡಿವೆ.

ಅರಮನೆಯಂಥ ಹಡಗು

ಅದರ ಹೆಸರು ‘ಪ್ರೆಸಿಡೆಂಟ್ ಕೂಲಿಜ್’. ಅಮೆರಿಕದ ಮೂವತ್ತನೆಯ ರಾಷ್ಟ್ರಾಧ್ಯಕ್ಷ ಕ್ಯಾಲ್ವಿನ್ ಕೂಲಿಜರ ಹೆಸರನ್ನು ಹೊತ್ತ ಅದನ್ನು ವರ್ಜೀನಿಯ ರಾಜ್ಯದ ನ್ಯೂಪೋರ್ಟ್ ನ್ಯೂಸ್ ಹಡಗುಕಟ್ಟೆಯಲ್ಲಿ ಕಟ್ಟಿದರು. 1931ರಲ್ಲಿ ಅದನ್ನು ನೀರಿಗಿಳಿಸಿದವರು ಶ್ರೀಮತಿ ಗ್ರೇಸ್ ಕೂಲಿಜ್. ಅಮೆರಿಕದ ಪಶ್ಚಿಮ ತೀರದಿಂದ ಜಪಾನು, ಚೀನಗಳ ಬಂದರುಗಳಿಗೆ ಪ್ರಯಾಣಿಕರನ್ನು ಕರೆದೊಯ್ಯುವುದು ಅದರ ಕೆಲಸವಾಗಿದ್ದಿತು. ಹಡಗಿನಲ್ಲಿ ಉಪ್ಪುನೀರಿನ ಎರಡು ಈಜುಕೊಳಗಳು, ವ್ಯಾಯಾಮಶಾಲೆ, ಮಹಿಳೆಯರ ಕೇಶಶೃಂಗಾರದ ಕೋಣೆ, ಸೋಡ ಅಂಗಡಿ, ಭವ್ಯವಾದ ಭೋಜನಶಾಲೆ, ಗಂಡಸರು ಕುಳಿತು ಚುಟ್ಟ ಸೇದುವ ಕೋಣೆ, ಅದರಲ್ಲಿ ಕುಲುಮೆಯಂತೆ ಕಟ್ಟಿದ ಅಗ್ಗಿಷ್ಟಿಕೆ ಇದ್ದುವು. ಆ ಅಗ್ಗಿಷ್ಟಿಕೆಯ ಮೇಲೆ, ಗೋಡೆಯಲ್ಲಿ, ಪಿಂಗಾಣಿಯ ಒಂದು ಉಬ್ಬುಚಿತ್ರ. ಹಳೆಯ ಇಂಗ್ಲೆಂಡಿನ ರಾಣಿಯರ ಕಾಲದ ಉಡುಪು ತೊಟ್ಟ ಒಬ್ಬ ಮಹಿಳೆ, ಜೊತೆಯಲ್ಲಿ ಒಂಟಿಕೊಂಬಿನ ಬಿಳಿಯ ಕುದುರೆ. ನಮ್ಮ ಮನೆಗಳ ಪಡಸಾಲೆಯಲ್ಲಿ ರವಿವರ್ಮನ ಪಟ ಇರುತ್ತಿದ್ದಂತೆ ಅದೂ ಅಲಂಕಾರಕ್ಕೆಂದು ಇದ್ದ ಚಿತ್ರ. ಅಲ್ಲಿ ಕುಳಿತು ಹೊಗೆ ಬಿಡುತ್ತಿದ್ದವರಲ್ಲಿ ಎಷ್ಟು ಮಂದಿ ಅದನ್ನು ತಲೆಯೆತ್ತಿ ನೋಡಿದ್ದರೋ! ವಾಚಕರು ಈ ಮಹಿಳೆಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಆಕೆಯನ್ನು ಮತ್ತೊಮ್ಮೆ ಭೇಟಿಯಾಗಲಿದ್ದೇವೆ.

ಯುದ್ಧ ಬಂದಿತು. 1941ರಲ್ಲಿ ಹಡಗು ಸೈನ್ಯದ ಸೇವೆಗೆ ಸೇರಿತು. ಆ ವರ್ಷದ ಡಿಸೆಂಬರಿನಲ್ಲಿ ಪರ್ಲ್ ಬಂದರಿನ ಮೇಲೆ ಜಪಾನೀಯರ ದಾಳಿಯಾದ ಮೇಲೆ ಗಾಯಾಳುಗಳನ್ನು ಹವಾಯಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಕರೆತಂದ ಹಡಗುಗಳಲ್ಲಿ ಇದೂ ಒಂದು. ಬೇಗನೆ ವಿಲಾಸದ ಪೀಠೋಪಕರಣಗಳು ಹೊರಗೆ ಹೋದುವು. ಮಲಗುವ ಮಂಚಗಳು ಸಾಲುಸಾಲಾಗಿ ಒಳಗೆ ಬಂದುವು. ಮೈಗೆ ಬೂದುಬಣ್ಣ ಬಳಿದರು. ಮೂತಿಯಲ್ಲೂ ಹಿಂಭಾಗದಲ್ಲೂ ಫಿರಂಗಿಗಳನ್ನು ಕೂರಿಸಿದರು. ಆದರೆ ಅವಸರದಲ್ಲಿ ಎಲ್ಲವನ್ನೂ ಕಿತ್ತುಹಾಕಲು ಯಾರಿಗೆ ಪುರುಸೊತ್ತು? ಈಜುಕೊಳದ ಬಣ್ಣದ ಹಲ್ಲೆಗಳು ಹಾಗೆಯೇ ಉಳಿದುವು. ಕ್ಷೌರಿಕನ ಕುರ್ಚಿ ಉಳಿಯಿತು. ಪಿಂಗಾಣಿಯ ಮಹಿಳೆಯೂ ತನ್ನ ಗೋಡೆಯಲ್ಲಿ ಉಳಿದಳು.

1942ರ ಅಕ್ಟೋಬರ್ 26

ಅಕ್ಟೋಬರ್ 6ರಂದು ಹಡಗು ಸ್ಯಾನ್ ಫ್ರಾನ್ಸಿಸ್ಕೊ ಬಿಟ್ಟಿತು. ನ್ಯೂ ಕೆಲಡೋನಿಯದ ನೂಮೇಯಾ ಬಂದರಿನಲ್ಲಿ ತಂಗಿ, ಅಲ್ಲಿಂದ ಸಾಂತೊ ದ್ವೀಪದತ್ತ ತಿರುಗಿತು. ಒಳಗೆ 5,000ಕ್ಕೂ ಮಿಕ್ಕಿ ಜನ, ಅವರಲ್ಲಿ ಹೆಚ್ಚಿನವರು ಭೂಸೈನ್ಯದ ಯುವಕರು. ಗ್ವಾಡಲ್‌ಕನಾಲ್ ದ್ವೀಪದಲ್ಲಿ ಜಪಾನೀಯರೊಡನೆ ಘೋರ ಕಾಳಗ ನಡೆಯುತ್ತಿದ್ದ ದಿನಗಳವು. ಆ ಕಾಳಗದ ಬೆನ್ನೆಲುಬಾಗಿ ಅಮೆರಿಕನ್ನರು ಸಾಂತೊ ದ್ವೀಪದಲ್ಲಿ ದೊಡ್ಡ ನೆಲೆಯನ್ನು ಕಟ್ಟುತ್ತಿದ್ದರು. ಶತ್ರುಗಳ ಜಲಾಂತರ್ಗಾಮಿಗಳು ನುಗ್ಗಬಾರದೆಂದು ಜಲಸಂಧಿಯ ಬಾಯಿಗೆ ನೀರಿನೊಳಗೆ ಸಿಡಿಯುವ ಮೈನುಗಳನ್ನು ತಾವೇ ಹೂಡಿಟ್ಟಿದ್ದರು.

ಮನೆಯ ಅಂಗಳದಲ್ಲಿ ಕಳ್ಳರಿಗೆಂದು ಗುಂಡಿ ತೋಡಿದವರು ಊರಿಂದ ಬರುವ ಸ್ವಂತ ಮಗನಿಗೆ ಅದನ್ನು ತಿಳಿಸಬೇಡವೆ? ಹಡಗಿನ ಕಪ್ತಾನ ಹೆನ್ರಿ ನೆಲ್ಸನನ ಕೈಗೆ ಕೊಟ್ಟ ಪ್ರಯಾಣದ ಆಜ್ಞಾಪತ್ರಗಳಲ್ಲಿ ಮೈನುಗಳ ಪ್ರಸ್ತಾಪವೇ ಇರಲಿಲ್ಲ. ಜಲಾಂತರ್ಗಾಮಿಯ ಭಯ ಬೇರೆ. ಬಯಲು ಸಮುದ್ರದಲ್ಲಿ ನಿಲ್ಲುವುದಕ್ಕಿಂತ ಬಂದರಿನೊಳಗೆ ಸೇರಿಬಿಡುವುದೇ ಕ್ಷೇಮವೆಂದು ಆತ ಅತಿ ವಿಶಾಲವಾಗಿ ಕಂಡ ದಾರಿಯನ್ನೇ ಹಿಡಿದ. ದಡದಿಂದ ದೀಪದ ಸಂಜ್ಞೆ ಮಿನುಗಿತು: ‘ನಿಲ್ಲಿ’. ಅಷ್ಟರಲ್ಲಿ ಹೊತ್ತು ಮೀರಿದ್ದಿತು. ಬೆಳಗ್ಗೆ ಒಂಬತ್ತೂವರೆಯ ಸುಮಾರಿಗೆ ಮೊದಲ ಮೈನು ಸಿಡಿಯಿತು. ಅರೆನಿಮಿಷ ಕಳೆಯುವುದರೊಳಗಾಗಿ ಎರಡನೆಯದೂ ಸಿಡಿಯಿತು. ಯಂತ್ರದ ಮನೆಗಳಲ್ಲಿದ್ದ ರಾಬರ್ಟ್ ರೀಡ್ ಎಂಬ ಬಾಯ್ಲರ್ ಕೆಲಸಗಾರ ಸ್ಫೋಟದಲ್ಲಿ ಸತ್ತ.

ಮುಂದೆ ನೆಲ್ಸನ್ ಮಾಡಿದ ಕೆಲಸ ಹಡಗಿನಲ್ಲಿದ್ದವರ ಪ್ರಾಣ ಉಳಿಸಿತು. ಹಡಗು ಉಳಿಯದೆಂಬುದು ಅವನಿಗೆ ತಕ್ಷಣ ತಿಳಿದುಹೋಯಿತು. ಉಳಿದಿದ್ದ ಓಟದ ಬಲವನ್ನೆಲ್ಲ ಬಳಸಿ ಹಡಗನ್ನು ದಡದ ಹವಳದ ದಿಬ್ಬಕ್ಕೆ ನೇರವಾಗಿ ನುಗ್ಗಿಸಿದ. ಮೂತಿ ಹವಳದಲ್ಲಿ ಕಚ್ಚಿಕೊಂಡು ನಿಂತಿತು. ಎಲ್ಲರೂ ಇಳಿಯಬೇಕೆಂದು ಆಜ್ಞೆಯಾಯಿತು. ಸಾಮಾನುಗಳನ್ನು ಬಿಟ್ಟು ಬರಬೇಕು. ಮುಂದಿನ ದಿನಗಳಲ್ಲಿ ಬಂದು ತೆಗೆದುಕೊಂಡು ಹೋಗಬಹುದು ಎಂದು ಹೇಳಿದರು. ಹಡಗು ನೆಲ ಹಿಡಿದು ನಿಂತಿದೆಯಲ್ಲ, ಇನ್ನೆಲ್ಲಿಗೆ ಹೋದೀತು ಎಂದು ಎಲ್ಲರೂ ನಂಬಿದ್ದರು. ಸಿಪಾಯಿಗಳು ಹಗ್ಗ ಹಿಡಿದು, ಬಲೆಯೇಣಿ ಹಿಡಿದು, ಸಾವಧಾನವಾಗಿ ಇಳಿದರು. ಒಂದೂವರೆ ಗಂಟೆಯೂ ತುಂಬದಷ್ಟು ಹೊತ್ತಿನಲ್ಲಿ 5,340 ಜನ ದಡ ಸೇರಿದರು. ನಮ್ಮ ಸೀಮೆಯ ಒಂದು ಹೋಬಳಿಯ ದೊಡ್ಡ ಊರನ್ನು, ಮಕ್ಕಳುಮರಿ ಬಿಡದೆ, ಒಂದು ಚಲನಚಿತ್ರ ಮುಗಿಯುವುದರೊಳಗೆ ಮೂರ್ನಾಲ್ಕು ಅಂತಸ್ತಿನ ಮಾಳಿಗೆಯಿಂದ ಹಗ್ಗದಲ್ಲಿ ಇಳಿಸಿದಂತಾಯಿತು. ಆ ಕಾಲದ ನೌಕಾದುರಂತಗಳ ಪಟ್ಟಿಯನ್ನು ಓದಿದವರಿಗೆ ಇದು ಎಂಥ ಅಪರೂಪದ ಸಂಗತಿ ಎಂಬುದು ಹೊಳೆಯದಿರದು.

ಹಿಂದಿರುಗಿ ಹೋದವನು

ದಡ ಸೇರಬಹುದಾಗಿದ್ದವರಲ್ಲಿ ಎಲ್‌ವುಡ್ ಯೂಆರ್ಟ್ ಒಬ್ಬ. ಅಮೆರಿಕದ ರೋಡ್ ಐಲೆಂಡ್ ರಾಜ್ಯದ ಪಾಟಕೆಟ್ ಊರಿನವನು, ಫಿರಂಗಿದಳದ ಕ್ಯಾಪ್ಟನ್. ಅವನು ಆಗಲೇ ಅಪಾಯದಿಂದ ಪಾರಾಗಿದ್ದ. ಆದರೆ ಹಡಗಿನ ಚಿಕಿತ್ಸಾಲಯದಲ್ಲಿ ಕೆಲವರು ರೋಗಿಗಳು ಇನ್ನೂ ಉಳಿದಿದ್ದಾರೆಂಬ ಸುದ್ದಿ ಅವನ ಕಿವಿಗೆ ಬಿದ್ದಿತು. ಹಡಗು ಅಷ್ಟರಲ್ಲಿ ಎಡಕ್ಕೆ ವಾಲತೊಡಗಿದ್ದಿತು.

ಅವನು ಹಿಂದಿರುಗಿ ಒಳಗೆ ಹೋದ. ನೆಲವೇ ಗೋಡೆಯಾಗುತ್ತಿದ್ದ ಆ ಹಡಗಿನಲ್ಲಿ, ಹಗ್ಗದ ಕೆಳತುದಿಯಲ್ಲಿ ತಾನೇ ಆಧಾರವಾಗಿ ನಿಂತು, ಸಿಕ್ಕಿಬಿದ್ದವರನ್ನು ಒಬ್ಬೊಬ್ಬರನ್ನಾಗಿ ಮೇಲಕ್ಕೆ ಹತ್ತಿಸಿದ. ಎಲ್ಲರೂ ಮೇಲೆ ಬಂದರು. ಕಡೆಯವನು ಅವನೇ. ಮೇಲಿದ್ದವರು ಅವನನ್ನು ಎಳೆದುಕೊಳ್ಳಲು ಹೆಣಗಿದರು. ಹಡಗು ಪೂರ್ತಿ ಪಕ್ಕಕ್ಕೆ ಉರುಳಿ, ಹವಳದ ದಿಬ್ಬದ ಇಳಿಜಾರಿನಲ್ಲಿ ಜಾರಿ, ನೀರಿನೊಳಕ್ಕೆ ಹೋಗಿಬಿಟ್ಟಿತು. ಹಗ್ಗದ ತುದಿಯಲ್ಲಿದ್ದವನೂ ಅದರ ಜೊತೆಗೇ ಹೋದ.

ಅಂದು ಸತ್ತವರು ಇಬ್ಬರೇ: ರೀಡ್ ಮತ್ತು ಯೂಆರ್ಟ್. ಯೂಆರ್ಟನಿಗೆ ಮರಣೋತ್ತರವಾಗಿ ‘ಡಿಸ್ಟಿಂಗ್ವಿಷ್ಡ್ ಸರ್ವಿಸ್ ಕ್ರಾಸ್’ ಎಂಬ ಉನ್ನತ ಶೌರ್ಯಪದಕವನ್ನು ನೀಡಿದರು. ಕಪ್ತಾನ ನೆಲ್ಸನನನ್ನು ವಿಚಾರಣೆಗೆ ಗುರಿಪಡಿಸಿದರೂ ಅವನು ನಿರ್ದೋಷಿಯೆಂದೇ ತೀರ್ಮಾನವಾಯಿತು. ಮೈನುಗಳ ವಿಷಯ ಬರೆಯಲು ಮರೆತ ಕಚೇರಿಯ ಮೇಜನ್ನು ಯಾವ ನ್ಯಾಯಾಲಯವೂ ಕಟಕಟೆಗೆ ಹತ್ತಿಸಲಿಲ್ಲ. ಕಚೇರಿಯ ಮೇಜುಗಳ ಹಣೆಬರಹ ಎಲ್ಲ ದೇಶಗಳಲ್ಲೂ ಒಂದೇ ಎಂದು ತೋರುತ್ತದೆ.

ಹಡಗಿನ ಜೊತೆಗೆ ಜೀಪು, ಲಾರಿ, ಫಿರಂಗಿ, ಬಂದೂಕು, ಮದ್ದುಗುಂಡುಗಳೆಲ್ಲ ಮುಳುಗಿದುವು. ಕ್ವಿನೈನಿನ ದಾಸ್ತಾನೂ ಮುಳುಗಿತು. ಇದು ಸಣ್ಣ ನಷ್ಟವಾಗಿರಲಿಲ್ಲ. ಪ್ರಪಂಚಕ್ಕೆ ಬೇಕಾದ ಕ್ವಿನೈನಿನ ಬಹುಭಾಗ ಜಾವಾ ದ್ವೀಪದ ಸಿಂಕೋನ ತೋಟಗಳಿಂದ ಬರುತ್ತಿದ್ದಿತು. ಆ ವರ್ಷವೇ ಜಾವಾ ಜಪಾನೀಯರ ವಶವಾಗಿದ್ದಿತು. ಪೆಸಿಫಿಕ್ ದ್ವೀಪಗಳಲ್ಲಿ ಜಪಾನೀಯರ ಗುಂಡಿನಷ್ಟೇ ಸೊಳ್ಳೆಯೂ ಸಿಪಾಯಿಗಳನ್ನು ಕಾಡುತ್ತಿದ್ದಿತು. ಚಳಿಜ್ವರದ ಕಾಲವನ್ನು ಕಂಡ ಮಲೆನಾಡಿನ ಹಿರಿಯರಿದ್ದ ಮನೆಗಳಲ್ಲಿ ಆ ಕಹಿಮಾತ್ರೆಯ ಬೆಲೆ ಏನೆಂಬುದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ನೀರಿನಲ್ಲಿ ಉಸಿರಾಡುವ ವಿದ್ಯೆ

ಹಡಗು ಮುಳುಗಿದಾಗ, ಮನುಷ್ಯ ಮೀನಿನಂತೆ ಸ್ವತಂತ್ರವಾಗಿ ಈಜಾಡುತ್ತ ಅದನ್ನು ನೋಡಿ ಬರುವ ಸಾಧನ ಸಾಮಾನ್ಯರ ಕೈಯಲ್ಲಿರಲಿಲ್ಲ. ತಲೆಗೆ ತಾಮ್ರದ ಹಂಡೆಯಂಥ ಟೊಪ್ಪಿಗೆ, ಕಾಲಿಗೆ ಸೀಸದ ಬೂಟು, ಮೇಲಿನ ದೋಣಿಯಿಂದ ಗಾಳಿ ತರುವ ಕೊಳವೆ: ಮುಳುಗುಗಾರನ ವೇಷ ಅದಾಗಿದ್ದಿತು. ಕೂಲಿಜ್ ಮುಳುಗಿದ ಮರುವರ್ಷ, 1943ರಲ್ಲಿ, ಫ್ರಾನ್ಸಿನಲ್ಲಿ ನೌಕಾಧಿಕಾರಿ ಜಾಕ್ ಕೂಸ್ತೊ ಮತ್ತು ಎಂಜಿನಿಯರ್ ಎಮಿಲ್ ಗ್ಯಾನ್ಯಾನ್ ಸೇರಿ ‘ಅಕ್ವಾಲಂಗ್’ ಎಂಬುದನ್ನು ಸಿದ್ಧಪಡಿಸಿದರು. ಬೆನ್ನಿನ ಉರುಳೆಯಲ್ಲಿ ಗಾಳಿಯನ್ನು ಬಹಳ ಒತ್ತಡದಲ್ಲಿ ತುಂಬಿರುತ್ತದೆ. ಬಾಯಿಗೆ ಕಚ್ಚಿಕೊಂಡ ಕವಾಟ, ಮುಳುಗುಗಾರ ಉಸಿರೆಳೆದಾಗ ಮಾತ್ರ ಗಾಳಿ ಬಿಡುತ್ತದೆ. ಅದೂ ಆ ಆಳದಲ್ಲಿ ನೀರು ಎಷ್ಟು ಒತ್ತುತ್ತದೆಯೋ ಸರಿಯಾಗಿ ಅಷ್ಟೇ ಒತ್ತಡದಲ್ಲಿ. ಇಂದು ಸ್ಕೂಬಾ ಎಂದು ಕರೆಯುವ ಸಾಧನದ ಗುಟ್ಟೆಲ್ಲ ಆ ಕವಾಟದಲ್ಲಿದೆ.

ನಮ್ಮವರಿಗೂ ಇದು ಈಗ ಕೇವಲ ಓದುವ ವಿಷಯವಾಗಿ ಉಳಿದಿಲ್ಲ. ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ, ಗುರುವಿನ ಕೈಹಿಡಿದು ಕೆಲವು ಮೀಟರ್ ಇಳಿದು, ಬಣ್ಣಬಣ್ಣದ ಮೀನುಗಳನ್ನು ನೋಡಿಬಂದ ಬೆಂಗಳೂರಿನ ಹುಡುಗ ಹುಡುಗಿಯರು ಎಷ್ಟೋ ಮಂದಿ. ಆದರೆ ನೇತ್ರಾಣಿಯ ಮೊದಲ ಮುಳುಗಿಗೂ ಕೂಲಿಜ್ ನೌಕೆಯ ಹೊಟ್ಟೆಯೊಳಗಿನ ಸಂಚಾರಕ್ಕೂ ಅಂಗಳದ ಬಾವಿಗೂ ಸಮುದ್ರಕ್ಕೂ ಇರುವಷ್ಟು ಅಂತರ.

ಕಾರಣವಿಷ್ಟೆ. ಸಮುದ್ರದಲ್ಲಿ ಹತ್ತು ಮೀಟರ್ ಇಳಿದಂತೆಲ್ಲ, ನಾವು ನೆಲದ ಮೇಲೆ ಹೊತ್ತಿರುವ ವಾಯುಭಾರದಷ್ಟೇ ಇನ್ನೊಂದು ಭಾರ ಮೈಮೇಲೆ ಕೂರುತ್ತದೆ. 40 ಮೀಟರ್ ಆಳದಲ್ಲಿ ಐದು ಪಟ್ಟು ಒತ್ತಡ. ಅಲ್ಲಿ ಎಳೆದ ಒಂದು ಉಸಿರು ಮೇಲಿನ ಐದು ಉಸಿರುಗಳಷ್ಟು ಗಾಳಿಯನ್ನು ಉರುಳೆಯಿಂದ ಖರ್ಚು ಮಾಡುತ್ತದೆ. ಇನ್ನೊಂದು ವಿಚಿತ್ರವೆಂದರೆ, ನಾವು ದಿನವೂ ಸೇವಿಸುವ ಗಾಳಿಯಲ್ಲಿನ ಸಾರಜನಕವೇ ಆ ಒತ್ತಡದಲ್ಲಿ ಮದ್ಯದಂತೆ ಮತ್ತೇರಿಸುತ್ತದೆ. ಸುಮಾರು 30 ಮೀಟರ್ ದಾಟಿದ ಮೇಲೆ ಬುದ್ಧಿವಂತನೂ ಮಂಕಾಗುತ್ತಾನೆ. ಗಡಿಯಾರ ನೋಡಿದರೂ ಹೊತ್ತೆಷ್ಟೆಂದು ಹೊಳೆಯುವುದಿಲ್ಲ. ಕಾರಣವಿಲ್ಲದೆ ಉಲ್ಲಾಸ, ಕೆಲವೊಮ್ಮೆ ಕಾರಣವಿಲ್ಲದೆ ದಿಗಿಲು. ಒಂದಿಷ್ಟು ಮೇಲೆ ಬಂದರೆ ಅಮಲು ತಾನಾಗಿ ಇಳಿಯುತ್ತದೆ. ಮೇಲೆ ಬರಬೇಕೆಂಬ ಜ್ಞಾನ ಉಳಿದಿದ್ದರೆ!

ಹಾಗೆಂದು ಸರ್ರನೆ ಮೇಲೆ ಬರುವಂತಿಲ್ಲ. ಗೋಲಿಸೋಡದ ಸೀಸೆಯನ್ನು ನೆನಪಿಸಿಕೊಳ್ಳಿ. ಗೋಲಿ ಕತ್ತು ಹಿಡಿದಿರುವವರೆಗೆ ಒಳಗಿನ ನೀರು ತಿಳಿಯಾಗಿ, ಏನೂ ಅರಿಯದಂತೆ ಇರುತ್ತದೆ. ಗೋಲಿಯನ್ನು ಒತ್ತಿದೊಡನೆ ಬುಸ್ಸೆಂದು ಗುಳ್ಳೆಗಳು ಏಳುತ್ತವೆ. ಆಳದಲ್ಲಿ ಹೆಚ್ಚು ಹೊತ್ತು ಇದ್ದವನ ರಕ್ತಮಾಂಸಗಳಲ್ಲಿ ಸಾರಜನಕ ಹೀಗೆಯೇ ಕರಗಿ ಕುಳಿತಿರುತ್ತದೆ. ಥಟ್ಟನೆ ಮೇಲೆ ಬಂದರೆ ಅವನ ಮೈಯೇ ಒಡೆದ ಸೋಡದ ಸೀಸೆಯಾಗುತ್ತದೆ. ಗುಳ್ಳೆಗಳು ಕೀಲುಗಳಲ್ಲಿ ಸಿಕ್ಕಿದರೆ ಸಹಿಸಲಾಗದ ನೋವು, ಬೆನ್ನುಹುರಿಯಲ್ಲಿ ಸಿಕ್ಕಿದರೆ ಕೈಕಾಲು ಬಿದ್ದುಹೋಗಬಹುದು, ಸಾವೂ ಬರಬಹುದು. ಆದುದರಿಂದ ಗೋಲಿಯನ್ನು ಚೂರುಚೂರಾಗಿ ಸಡಿಲಿಸುವಂತೆ, ಅಲ್ಲಲ್ಲಿ ನಿಂತು, ಗಡಿಯಾರ ನೋಡಿಕೊಂಡು, ಮೇಲೇರಬೇಕು.

ಗೋಡೆಯೇ ನೆಲವಾದ ಮನೆ

ಕೂಲಿಜ್ ನೋಡಲು ನಡುಗಡಲಿಗೆ ದೋಣಿಯಲ್ಲಿ ಹೋಗಬೇಕಾಗಿಲ್ಲ. ದಡದಿಂದ ನಡೆದೇ ನೀರಿಗಿಳಿದು, ಕಟ್ಟಿರುವ ಹಗ್ಗದ ಜಾಡು ಹಿಡಿದು ಇಳಿಜಾರಿನಲ್ಲಿ ಹೋದರೆ ಸಾಕು. ಮೊದಲು ಏನೂ ಕಾಣದು, ಎಲ್ಲವೂ ನೀಲಿ. ಆ ನೀಲಿಯೊಳಗಿಂದ ಒಂದು ಗಾಢವಾದ ನೆರಳು ಮೂಡಿ, ಬೆಳೆದು, ಕಣ್ಣಿನ ಎರಡು ಅಂಚುಗಳನ್ನೂ ಮೀರಿ ಹಬ್ಬುತ್ತದೆ. ಅದು ಹಡಗಿನ ಮೂತಿ. ಮೂತಿಯ ಫಿರಂಗಿ ಈಗ ಅಡ್ಡಡ್ಡಲಾಗಿ ಹವಳ ಹೊದ್ದು ನಿಂತಿದೆ.

ಒಳಹೊಕ್ಕರೆ ದಿಕ್ಕು ತಪ್ಪುತ್ತದೆ. ಇಡೀ ಹಡಗು ಪಕ್ಕಕ್ಕೆ ಮಲಗಿರುವುದರಿಂದ ನಡೆಯಬೇಕಾದ ನೆಲ ಗೋಡೆಯಂತೆ ನೆಟ್ಟಗೆ ನಿಂತಿದೆ. ಗೋಡೆ ಕಾಲಡಿಗೆ ಬಂದಿದೆ. ಬಾಗಿಲುಗಳು ಬಾವಿಯ ಬಾಯಿಯಂತೆ ತೆರೆದುಕೊಂಡಿವೆ. ಸಾಲುಸಾಲು ಶೌಚದ ಕುಂಡಗಳು ಗೋಡೆಯಿಂದ ಮುಂಚಾಚಿಕೊಂಡಿರುವುದನ್ನು ಕಂಡು ಬಾಯಲ್ಲಿ ಕವಾಟ ಕಚ್ಚಿಕೊಂಡೇ ನಗುವವರುಂಟು. ಈಜುಕೊಳ, ನೀರಿನಲ್ಲಿ ಮುಳುಗಿದ ಈಜುಕೊಳ, ಸಣ್ಣ ಬಣ್ಣದ ಹಲ್ಲೆಗಳನ್ನು ಇನ್ನೂ ಉಳಿಸಿಕೊಂಡು ಒಂದು ಕಪಾಟಿನಂತೆ ನಿಂತಿದೆ. ಕ್ಷೌರಿಕನ ಕುರ್ಚಿ ಗಿರಾಕಿಗಾಗಿ ಕಾದಂತಿದೆ. ಸರಕಿನ ಕೋಣೆಗಳಲ್ಲಿ ಜೀಪುಗಳೂ ಲಾರಿಗಳೂ ಮಕ್ಕಳು ಆಡಿ ಎಸೆದ ಆಟಿಕೆಗಳಂತೆ ಒಂದರ ಮೇಲೊಂದು ಬಿದ್ದಿವೆ. ಕೆಲವದರ ಟೈರುಗಳು ಇಂದಿಗೂ ಟೈರುಗಳೆಂದು ಗುರುತು ಸಿಕ್ಕುತ್ತವೆ. ಪ್ರಯಾಣಿಕರು ಗಾಳಿಸವಾರಿ ಹೋಗುತ್ತಿದ್ದ ಉದ್ದನೆಯ ಮೊಗಸಾಲೆಯಲ್ಲಿ ಸಿಪಾಯಿಗಳ ಶಿರಸ್ತ್ರಾಣಗಳು, ವಿಷಗಾಳಿಯಿಂದ ಕಾಪಾಡುವ ಮುಖವಾಡಗಳು, ಬಂದೂಕುಗಳು. ಮರಳಿ ಬಂದು ತೆಗೆದುಕೊಳ್ಳುತ್ತೇವೆಂದು ಬಿಟ್ಟುಹೋದವು ಇವೇ. ಆ ಬೆಳಗ್ಗೆ ಕೊಟ್ಟ ಒಂದು ಭರವಸೆಯೇ ಈ ಹಡಗನ್ನು ಇಷ್ಟು ತುಂಬಿದ ಮನೆಯನ್ನಾಗಿ ಉಳಿಸಿದೆ.

ಸುಮಾರು 40 ಮೀಟರ್ ಆಳದಲ್ಲಿ ಆ ಪಿಂಗಾಣಿಯ ಮಹಿಳೆ ಇದ್ದಾಳೆ. ಹೆಚ್ಚಿನ ಮುಳುಗುಗಾರರು ಇಲ್ಲಿಗೆ ಬರುವುದೇ ಆಕೆಯನ್ನು ಕಾಣಲೆಂದು. ಆಕೆಗೆ ‘ದಿ ಲೇಡಿ’ ಎಂದೇ ಹೆಸರು. ಹಡಗಿನ ಒಡಲು ಶಿಥಿಲವಾಗಿ ಆಕೆ ತನ್ನ ಹಳೆಯ ಜಾಗದಿಂದ ಕಳಚಿ ಬಿದ್ದಾಗ, ಮುಳುಗುಗಾರರು ಎತ್ತಿ ಭೋಜನಶಾಲೆಯ ಭಾಗದಲ್ಲಿ ಮತ್ತೆ ನಿಲ್ಲಿಸಿದರು. ಆ ಆಳಕ್ಕೆ ಸೂರ್ಯನ ಬೆಳಕಿನ ಕೆಂಪು, ಕಿತ್ತಳೆ ಬಣ್ಣಗಳು ಇಳಿಯುವುದಿಲ್ಲ, ಎಲ್ಲವೂ ನೀಲಿಬೂದು. ಕೈದೀಪ ಹಾಯಿಸಿದ ಕ್ಷಣ ಮಾತ್ರ ಆಕೆಯ ಬಣ್ಣಗಳು ಎಚ್ಚರವಾಗುತ್ತವೆ. ಯುದ್ಧ ಬಂದು, ಬಣ್ಣ ಬಳಿದು, ಮೈನು ಸಿಡಿದು, ಅರಮನೆಯೇ ಮಗುಚಿಕೊಂಡರೂ ಆಕೆಯ ಮುಖದಲ್ಲಿ ಬದಲಾವಣೆಯಿಲ್ಲ. ಅಮಲಿನ ಮಂಪರೂ ಸೇರಿಕೊಂಡು ಕೆಲವರು ಆಕೆಗೆ ಮುತ್ತಿಟ್ಟು ಬರುವುದುಂಟಂತೆ. ಮನೆಯ ಯಜಮಾನಿಯರು ಇದಕ್ಕೆ ಆಕ್ಷೇಪಿಸಲಾರರೆಂದು ನಂಬೋಣ.

ಚಂದ್ರನಿಲ್ಲದ ರಾತ್ರಿಯಲ್ಲಿ ಇಳಿಯುವ ಧೈರ್ಯವಂತರೂ ಇದ್ದಾರೆ. ಕಣ್ಣಿನ ಕೆಳಗೆ ಮಿಣುಕು ದೀಪ ಹೊತ್ತ ಒಂದು ಜಾತಿಯ ಮೀನುಗಳು ಹಡಗಿನ ಸರಕುಕೋಣೆಗಳಲ್ಲಿ ಹಿಂಡುಹಿಂಡಾಗಿವೆ. ಕೈದೀಪಗಳನ್ನು ಆರಿಸಿ ಕತ್ತಲೆಯಲ್ಲಿ ತೇಲುತ್ತ ನಿಂತರೆ, ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ಮಲೆನಾಡಿನ ಮರವೊಂದರಲ್ಲಿ ಮಿಂಚುಹುಳುಗಳು ಹತ್ತಿ ಆರುವಂತೆ, ನೂರಾರು ತಣ್ಣನೆಯ ಬೆಳಕುಗಳು ಸುತ್ತಲೂ ಚಲಿಸುತ್ತವೆಯೆಂದು ನೋಡಿದವರು ಹೇಳುತ್ತಾರೆ.

ಉಳಿಸಿದವರು, ಎಸೆದವರು

ಯುದ್ಧಾನಂತರ ಲೋಹದ ವ್ಯಾಪಾರಿಗಳ ಕಣ್ಣು ಈ ಹಡಗಿನ ಮೇಲೆ ಬಿದ್ದಿತು. ಪ್ರೊಪೆಲರುಗಳನ್ನೂ ಬೆಲೆಬಾಳುವ ಹಿತ್ತಾಳೆ ಸಾಮಾನುಗಳನ್ನೂ ಕಿತ್ತರು. ತೊಟ್ಟಿಗಳಲ್ಲಿದ್ದ ಇಂಧನತೈಲವನ್ನೂ ತೆಗೆದರು. ಹೀಗೆ ಲೋಹ ಎತ್ತುವ ಕೆಲಸಕ್ಕೆಂದು 1969ರಲ್ಲಿ ಬಂದವರಲ್ಲಿ ಆಸ್ಟ್ರೇಲಿಯದ ಅಲನ್ ಪವರ್ ಒಬ್ಬ. ಕೆಲಸ ಮುಗಿಯಿತು, ಜೊತೆಯವರು ಹೋದರು, ಈತ ಹೋಗಲಿಲ್ಲ. ಒಡೆಯಲು ಬಂದ ಹಡಗಿಗೆ ಕಾವಲುಗಾರನಾಗಿ ದಶಕಗಳ ಕಾಲ ಅಲ್ಲಿಯೇ ನಿಂತ. ಸಾವಿರಾರು ಬಾರಿ ಇಳಿದು, ಬಂದವರಿಗೆ ದಾರಿ ತೋರಿಸಿದ. ಮೇಲೇರುವಾಗ ಐದಾರು ಮೀಟರ್ ಆಳದಲ್ಲಿ ಬಹಳ ಹೊತ್ತು ಸುಮ್ಮನೆ ಕಾಯಬೇಕಲ್ಲ, ಆ ಬೇಸರ ಕಳೆಯಲೆಂದು ಅಲ್ಲೊಂದು ಹವಳದ ತೋಟವನ್ನೇ ಬೆಳೆಸಿದ. ರೈಲ್ವೆ ನಿಲ್ದಾಣದ ಮಾಸ್ತರರು ಪ್ಲಾಟ್‌ಫಾರಂ ಪಕ್ಕದಲ್ಲಿ ಹೂಗಿಡ ಬೆಳೆಸುವುದನ್ನು ಕಂಡವರಿಗೆ ಈ ಮನಸ್ಸು ಅರ್ಥವಾದೀತು. ವನುವಾಟು ಸರ್ಕಾರವೂ 1983ರಲ್ಲಿ, ಈ ಹಡಗಿನಿಂದ ಯಾವ ವಸ್ತುವನ್ನೂ ಯಾರೂ ತೆಗೆಯಕೂಡದೆಂದು ಆಜ್ಞೆ ಹೊರಡಿಸಿತು. ಶಿರಸ್ತ್ರಾಣಗಳೂ ಸೀಸೆಗಳೂ ಇಂದಿಗೂ ಅಲ್ಲಿ ಕಾಣಸಿಕ್ಕುವುದು ಈ ಕಟ್ಟಳೆಯ ಪುಣ್ಯ.

ಇಲ್ಲಿಂದ ಹೆಚ್ಚು ದೂರವಿಲ್ಲದ ತೀರದಲ್ಲಿ ಇನ್ನೊಂದು ದೃಶ್ಯವಿದೆ. ಅದನ್ನು ನೋಡಿದರೆ ನಮ್ಮ ಗೃಹಿಣಿಯರು ತಲೆಯ ಮೇಲೆ ಕೈಯಿಟ್ಟುಕೊಂಡಾರು. ಯುದ್ಧ ಮುಗಿದು ಅಮೆರಿಕನ್ನರು ಮನೆಗೆ ಹೊರಟಾಗ ದ್ವೀಪದಲ್ಲಿ ಬುಲ್‌ಡೋಜರು, ಲಾರಿ, ಜೀಪು, ಕ್ರೇನುಗಳ ರಾಶಿಯೇ ಉಳಿದಿದ್ದಿತು. ಕಡಿಮೆ ಬೆಲೆಗೆ ಕೊಳ್ಳಿರೆಂದು ಅಲ್ಲಿನ ಬ್ರಿಟಿಷ್–ಫ್ರೆಂಚ್ ಆಡಳಿತವನ್ನು ಕೇಳಿದರು. ಹೇಗೂ ಬಿಟ್ಟುಹೋಗುತ್ತಾರೆ, ಪುಕ್ಕಟೆ ಸಿಕ್ಕುವುದಕ್ಕೆ ಹಣವೇಕೆ ಎಂದು ಆ ಜಾಣರು ಸುಮ್ಮನಿದ್ದರು. ಅಮೆರಿಕನ್ನರು ಎಲ್ಲವನ್ನೂ ಸಾಲಾಗಿ ಓಡಿಸಿಕೊಂಡು ಹೋಗಿ ಸಮುದ್ರಕ್ಕೆ ನೂಕಿಬಿಟ್ಟರು! ಆ ಜಾಗಕ್ಕೆ ‘ಮಿಲಿಯನ್ ಡಾಲರ್ ಪಾಯಿಂಟ್’ ಎಂದು ಹೆಸರು. ನೀರು ಇಳಿದಾಗ ತುಕ್ಕು ಹಿಡಿದ ತುಂಡುಗಳು ದಂಡೆಯ ಮೇಲೇ ಕಾಣುತ್ತವೆ.

ಎಪ್ಪತ್ತನಾಲ್ಕು ವರ್ಷಗಳ ಮೇಲೆ

ಇಷ್ಟು ಜನ ಇಷ್ಟು ವರ್ಷ ಹಡಗಿನ ಒಳಹೊರಗೆಲ್ಲ ಈಜಾಡಿದರೂ ಕ್ಯಾಪ್ಟನ್ ಯೂಆರ್ಟ್ ಎಲ್ಲಿದ್ದಾನೆಂಬುದು ಯಾರಿಗೂ ತಿಳಿದಿರಲಿಲ್ಲ. ಪಾಟಕೆಟ್ಟಿನ ಅವನ ಮನೆಯವರ ಪಾಲಿಗೆ ಅವನು ಶವ ಸಿಕ್ಕದ ಯೋಧರಲ್ಲಿ ಒಬ್ಬ. ನಮ್ಮಲ್ಲಾದರೆ ಅಂತ್ಯಕ್ರಿಯೆಗೆ ದೇಹವಿಲ್ಲದ ದುಃಖವನ್ನು ದರ್ಭೆಯ ಪ್ರತಿಕೃತಿ ಮಾಡಿಯಾದರೂ ತೀರಿಸಿಕೊಳ್ಳುವ ಪದ್ಧತಿಯುಂಟು. ಅವರಿಗೆ ಅದೂ ಇರಲಿಲ್ಲ. ಕವಾಟದ ಗುಳ್ಳೆಗಳನ್ನು ಬಿಡುತ್ತ, ಚಿತ್ರ ತೆಗೆಯುತ್ತ, ಪಿಂಗಾಣಿಯ ಮಹಿಳೆಯನ್ನು ನೋಡಲು ಆತುರದಿಂದ ಸಾಗಿದ ಅದೆಷ್ಟು ಮಂದಿ ಅವನಿದ್ದ ಹಡಗನ್ನು ಹೊಕ್ಕು ಹೊರಬಂದರೋ ಲೆಕ್ಕವಿಲ್ಲ. ಅವರನ್ನು ದೂಷಿಸುವಂತಿಲ್ಲ. ಆದರೂ ಮುಳುಗಿದ ಯುದ್ಧನೌಕೆಯನ್ನು ನೋಡಹೋಗುವವರು ವಸ್ತುಸಂಗ್ರಹಾಲಯಕ್ಕೆ ಹೋಗುತ್ತಿದ್ದಾರೆಯೊ, ಯಾರದೋ ಸಮಾಧಿಗೆ ಕಾಲಿಡುತ್ತಿದ್ದಾರೆಯೊ ಎಂಬ ಪ್ರಶ್ನೆಗೆ ಇಲ್ಲಿ ಬರಿಯ ತರ್ಕದ ಉತ್ತರ ಸಾಲದು. ಕೈಯಾಡಿಸಿದ ಹೂಳಿನಲ್ಲಿ ಮನುಷ್ಯನಿರಬಹುದು.

2012ರಲ್ಲಿ, ಹಡಗಿನೊಳಗಿನ ದಪ್ಪನೆಯ ಹೂಳಿನಲ್ಲಿ ಮುಳುಗುಗಾರರ ಕಣ್ಣಿಗೆ ಮಾನವ ಅಸ್ಥಿಗಳು ಬಿದ್ದುವು. ಸುದ್ದಿ ಅಮೆರಿಕಕ್ಕೆ ಮುಟ್ಟಿತು. ಯುದ್ಧಗಳಲ್ಲಿ ಕಾಣೆಯಾದ ತಮ್ಮ ಯೋಧರನ್ನು, ಎಷ್ಟೇ ವರ್ಷ ಕಳೆದಿರಲಿ, ಹುಡುಕಿ ಗುರುತಿಸುವುದಕ್ಕೆಂದೇ ಆ ದೇಶದಲ್ಲಿ ಒಂದು ಇಲಾಖೆಯಿದೆ. ಅದರ ತಜ್ಞರು ಬಂದು, ಇಳಿದು, ಹೂಳನ್ನು ಶೋಧಿಸಿ, ಸಿಕ್ಕಿದುದನ್ನು ಮೇಲೆತ್ತಿಕೊಂಡು ಹೋದರು. ಪ್ರಯೋಗಶಾಲೆಯ ಪರೀಕ್ಷೆಗಳೆಲ್ಲ ಮುಗಿದ ಮೇಲೆ ಸಂದೇಹ ಉಳಿಯಲಿಲ್ಲ. ಅವನು ಎಲ್‌ವುಡ್ ಯೂಆರ್ಟನೇ.

2016ರ ಆಗಸ್ಟಿನಲ್ಲಿ ಅವನನ್ನು ಪಾಟಕೆಟ್ಟಿಗೆ ತಂದರು. ಸೇಂಟ್ ಫ್ರಾನ್ಸಿಸ್ ಸ್ಮಶಾನದಲ್ಲಿ ಸೈನಿಕ ಮರ್ಯಾದೆಗಳೊಡನೆ ಮಣ್ಣುಮಾಡಿದರು. ಹೊರಟುಹೋದ ಯುವಕ 74 ವರ್ಷಗಳ ಮೇಲೆ ಊರಿಗೆ ಬಂದಾಗ ಅವನನ್ನು ಎದುರುಗೊಂಡವರು ಅವನ ಮುಂದಿನ ತಲೆಮಾರುಗಳ ಬಂಧುಗಳು.

ಸಾಂತೊ ದ್ವೀಪದ ದಂಡೆಯಲ್ಲಿ, ಮುಳುಗುಗಾರರು ನೀರಿಗಿಳಿಯುವ ಎಡೆಯ ಸಮೀಪ, ಅವನ ಹೆಸರಿನ ಸ್ಮಾರಕವೊಂದಿದೆ. ಉರುಳೆಯ ಭಾರಕ್ಕೆ ಬಾಗಿ, ಕೈಯಲ್ಲಿ ಈಜುರೆಕ್ಕೆಗಳನ್ನು ಹಿಡಿದು ಬರುವವರು ಅದನ್ನು ದಾಟಿಕೊಂಡೇ ನೀರಿನ ಅಂಚಿಗೆ ಹೋಗುತ್ತಾರೆ.